ಸುಸ್ತಾಗದೆ ಸೋತವಳು

ಮೊನ್ನೆ ಮೆಟ್ರೋದಲ್ಲಿ ವಿಜಯನಗರದಿಂದ ಕೆಂಗೇರಿಗೆ ಹೋಗುತ್ತಿದ್ದೆ. ದೀಪಾಂಜಲಿ ನಗರದಲ್ಲಿ ಹತ್ತಿದ ಅಜ್ಜಿಯೊಬ್ಬರು ನನ್ನ ಪಕ್ಕ ಕೂತು, ಚೀಲದಿಂದ ನೋವಿನ ಮುಲಾಮು ತೆಗೆದು ಮಂಡಿಗೆ ತಿಕ್ಕಿಕೊಂಡರು. ಬೋಗಿಯ ತುಂಬ ಘಾಟು. ಎದುರಿಗಿದ್ದ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನನಗೆ ಸಿಟ್ಟು ಬಂತು. ಅಜ್ಜಿಯ ಮೇಲಲ್ಲ, ಪಾಪ. ಆ ವಾಸನೆ ಬಂದರೆ ಸಾಕು, ನನಗೆ ಸೈಕಲ್ಲಿನ ಆ ವರ್ಷ ನೆನಪಾಗುತ್ತದೆ, ಆ ವರ್ಷ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನನಗೆ ನಲವತ್ಮೂರು. ಮನೆ ಬಸವೇಶ್ವರನಗರದಲ್ಲಿ, ಕೆಲಸ ಕೆಂಗೇರಿಯ ಒಂದು ಹೈಸ್ಕೂಲಿನಲ್ಲಿ, ಗಣಿತದ ಮೇಡಂ. ಡಾಕ್ಟರು ಸಕ್ಕರೆ ಬಾರ್ಡರಿನಲ್ಲಿದೆ ಅಂದಿದ್ದಕ್ಕೆ ಹೆದರಿ ಸೈಕಲ್ ಕೊಂಡವಳು ನಾನು. ವಾಕಿಂಗ್ ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಸೈಕಲ್ ಕೊಂಡವರಿಗೆ ಒಂದು ಗುಂಪು ಗಂಟು ಬೀಳುತ್ತದೆ, ನನಗೂ ಬಿತ್ತು. ಭಾನುವಾರ ಬೆಳಗ್ಗೆ ಎಲ್ಲರೂ ನಾಯಂಡಹಳ್ಳಿಯಲ್ಲಿ ಸೇರಿ ಮೈಸೂರು ರಸ್ತೆ ಹಿಡಿಯುವುದು, ಕೆಂಗೇರಿ ದಾಟಿ ಮಂಚನಬೆಲೆಯ ಕಡೆ ಹೊರಳುವುದು, ಬರುವಾಗ ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಕಾಫಿ ಕುಡಿಯುವುದು. ಗುಂಪಿಗೆ ಹಿರಿಯರು ಹನುಮಂತಣ್ಣ. ಹಳೇ ಕೆಂಗೇರಿ ಊರಿನವರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆದವರು. ಹರೆಯದಲ್ಲಿ ಸೈಕಲ್ ರೇಸಿಗೆ ಹೋಗುತ್ತಿದ್ದರಂತೆ. ಅರವತ್ತರ ಹತ್ತಿರವಾದರೂ ಅವರ ಕಾಲಿನ ಮೀನಖಂಡ ಕಲ್ಲಿನ ಹಾಗಿತ್ತು, ಬಾಯಿಯೂ ಹಾಗೇ.

ಈ ಗುಂಪಿಗೆ ಒಂದು ವಾರ್ಷಿಕ ಪದ್ಧತಿ. ಧನುರ್ಮಾಸದ ಒಂದು ಭಾನುವಾರ ಮಂಚನಬೆಲೆ ದಾರಿಯ ದೊಡ್ಡ ದಿಬ್ಬ ಹತ್ತುವ ಸ್ಪರ್ಧೆ. ಕೆಳಗಿನ ಮೋರಿಯ ಹತ್ತಿರ ಎಲ್ಲರೂ ಒಟ್ಟಿಗೆ ಹೊರಡಬೇಕು, ಮೇಲಿನ ಮಾರಮ್ಮನ ಗುಡಿ ಮುಟ್ಟಬೇಕು. ತಿಂಡಿ ಹೊತ್ತ ಟೆಂಪೋ ಹಿಂದಿನಿಂದ ಬರುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಕೊಳಗದ ತುಂಬ ಸಾಂಬಾರ್, ಚಟ್ನಿ. ಎಷ್ಟು ಹೊತ್ತು ಬಿಟ್ಟು ಬರುತ್ತದೆ ಅನ್ನುವುದಕ್ಕೆ ಗಡಿಯಾರ ಇಲ್ಲ. ಡ್ರೈವರ್ ಶಿವಣ್ಣ ಮೋರಿಯ ಪಕ್ಕದ ಗೂಡಂಗಡಿಯಲ್ಲಿ ಒಂದು ಟೀ ಕುಡಿಯಬೇಕು. ಕುಡಿದು, ಲೋಟ ಇಟ್ಟು, ಗಾಡಿ ಚಾಲೂ ಮಾಡಬೇಕು. ಸಾಂಬಾರ್ ಚೆಲ್ಲಬಾರದೆಂದು ಆಮೆಯ ಹಾಗೆ ಹತ್ತಿಸುತ್ತಾನೆ. ದಾರಿಯಲ್ಲಿ ಟೆಂಪೋ ಯಾರನ್ನು ದಾಟುತ್ತದೋ ಅವರು ಅಲ್ಲಿಗೆ ಔಟು. ಸೈಕಲ್ ಎತ್ತಿ ಹಿಂದೆ ಹಾಕಿ, ಪಾತ್ರೆಗಳ ಮಧ್ಯೆ ಕೂತು ಮೇಲೆ ಬರಬೇಕು.

ಮೊದಲ ವರ್ಷ ಹಾಗೆ ಬಂದವಳು ನಾನೊಬ್ಬಳೇ. ಮೇಲೆ ನಿಂತಿದ್ದವರೆಲ್ಲ ಹೋ ಅಂತ ಕೂಗಿದರು. ಪ್ರದೀಪ ಅಂತ ಒಬ್ಬ ಹುಡುಗ, ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್, "ಚಟ್ನಿ ಬಂತು, ಚಟ್ನಿ ಜೊತೆ ಮೇಡಮ್ಮೂ ಬಂದ್ರು!" ಅಂದ. ನಾನೂ ನಕ್ಕೆ. ನಗದೆ ಏನು ಮಾಡಲಿ? ಮುಂದಿನ ವರ್ಷ ಟೆಂಪೋಗಿಂತ ಮೊದಲು ಗುಡಿ ಮುಟ್ಟದಿದ್ದರೆ ಸೈಕಲ್ ಮಾರಿಬಿಡುತ್ತೇನೆ ಅಂತ ಅಲ್ಲೇ, ಇಡ್ಲಿ ಬಾಯಲ್ಲಿ ಇಟ್ಟುಕೊಂಡೇ, ನಿಶ್ಚಯ ಮಾಡಿದೆ.

ಸಂಕ್ರಾಂತಿ ಕಳೆದ ಮೇಲೆ ಬೆಳಗ್ಗೆ ಐದಕ್ಕೇ ಎದ್ದು ತುಳಿಯತೊಡಗಿದೆ. ಮಾಗಡಿ ರಸ್ತೆಯಲ್ಲಿ ಸೈಕಲ್ ಅಭ್ಯಾಸ ಮಾಡುತ್ತೇನೆ ಅನ್ನುವವರನ್ನು ದೇವರೇ ಕಾಪಾಡಬೇಕು. ನಿನ್ನೆ ಇದ್ದ ರಸ್ತೆಯಲ್ಲಿ ಇವತ್ತು ಗುಂಡಿ, ಗುಂಡಿ ಮುಚ್ಚಿದ ಕಡೆ ಗೋಪುರದಂಥ ಹಂಪು. ವೇಗ ಸಿಕ್ಕಿತು ಅನ್ನುವಷ್ಟರಲ್ಲಿ ಹಿಂದಿನಿಂದ ಬಸ್ಸಿನ ಹಾರ್ನು, ಮುಂದೆ ತರಕಾರಿ ಇಳಿಸುತ್ತಿರುವ ಗಾಡಿ, ಮಧ್ಯೆ ನಾಯಿ. ಒಂದು ದಿನ ಲುಂಗಿ ಎತ್ತಿ ಕಟ್ಟಿದ ಮುದುಕರೊಬ್ಬರು, ಹಿಂದೆ ಎರಡು ಹಾಲಿನ ಕ್ಯಾನು, ಬೀಡಿ ಬೇರೆ, ಗೇರೂ ಇಲ್ಲದ ತಮ್ಮ ಹಳೇ ಸೈಕಲ್ಲಿನಲ್ಲಿ ನನ್ನನ್ನು ದಾಟಿ ಹೋದರು. ತಿರುಗಿಯೂ ನೋಡಲಿಲ್ಲ. ಎದುರು ಮನೆಯ ಆಂಟಿಯದು ಇನ್ನೊಂದು ಕಾಟ. "ಯಾಕ್ರೀ ವಸುಧಾ, ಸ್ಕೂಟಿ ಮಾರ್ಬಿಟ್ರಾ?" ಅಂತ ವಾರಕ್ಕೊಮ್ಮೆ ಕೇಳುವರು. ಇಷ್ಟೆಲ್ಲ ಪಟ್ಟರೂ ಭಾನುವಾರ ಬಂತೆಂದರೆ ದಿಬ್ಬದ ಮೇಲೆ ಕೊನೆಯವಳು ನಾನೇ.

ಯುಗಾದಿ ಆದ ಮೇಲೊಂದು ಭಾನುವಾರ ದರ್ಶಿನಿಯ ಕಟ್ಟೆಗೆ ಒರಗಿ ಕಾಫಿ ಕುಡಿಯುವಾಗ ಹನುಮಂತಣ್ಣ ಕೇಳಿದರು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವು ಯಾವಾಗ್ಲೂ ಕೊನೇಗೇ ಬರ್ತೀರಿ. ಆದ್ರೆ ಸುಸ್ತಾಗಿ ಬಂದಿದ್ದನ್ನ ನಾನು ಒಂದಿನಾನೂ ನೋಡಿಲ್ಲ."

"ಅಂದ್ರೆ ಏನಣ್ಣ?"

"ನಮ್ ಪ್ರದೀಪನ್ನ ನೋಡಿ. ಮೇಲ್ ಬಂದ್ಮೇಲೆ ಐದು ನಿಮಿಷ ಅವನ ಬಾಯಲ್ಲಿ ಮಾತ್ ಬರಲ್ಲ. ನೀವು ಬಂದ್ ತಕ್ಷಣ 'ಏನ್ರಪ್ಪಾ, ಎಲ್ರೂ ಬಂದ್ರಾ' ಅಂತ ವಿಚಾರಿಸ್ತೀರಿ. ಕಾಲಲ್ಲಿ ಇನ್ನೂ ಅರ್ಧ ಉಳ್ಸ್ಕೊಂಡೇ ಬರ್ತೀರಿ. ಯಾರಿಗೆ ಅದು? ಮನೆಗೆ ಪಾರ್ಸಲ್ಲಾ?"

ಪ್ರದೀಪ ಕಾಫಿ ಉಗುಳುವಷ್ಟು ನಕ್ಕ. ನನಗೆ ಮುಖ ಬಿಸಿಯಾಯಿತು. ಏಕೆಂದರೆ ಮಾತು ನಿಜ. ನಾನು ಹುಟ್ಟಿ ಬೆಳೆದದ್ದೇ ಹಾಗೆ. ನಮ್ಮಪ್ಪ ರಾಜಾಜಿನಗರದ ಎರಡು ಕೋಣೆಯ ಮನೆಯಲ್ಲಿ ನಾಲ್ಕು ಮಕ್ಕಳನ್ನು ಸಾಕಿದವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಅವರ ಬಾಯಲ್ಲಿ ದಿನಕ್ಕೊಮ್ಮೆ ಬರುತ್ತಿತ್ತು. ಆ ಮನೆಯಲ್ಲಿ ಯಾವುದನ್ನೂ ಪೂರ್ತಿ ಖಾಲಿ ಮಾಡುವಂತಿರಲಿಲ್ಲ, ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುತ್ತಿದ್ದರು. ನಾನೂ ಈವರೆಗೆ ಕಾಲು ಮಡಚಿಕೊಂಡೇ ಮಲಗಿದ್ದೇನೆ. ಹಾಸಿಗೆ ಎಷ್ಟು ಉದ್ದ ಇದೆ ಅಂತ ಮಾತ್ರ ಒಂದು ಸಲವೂ ನೋಡಿಲ್ಲ. ಟೆಂಪೋದಲ್ಲಿ ಕೂತು ಬಂದದ್ದು ನನ್ನ ಕೈಲಾಗದ್ದಕ್ಕೋ, ನಾನು ಮಾಡದೇ ಇದ್ದದ್ದಕ್ಕೋ? ಆ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿದ್ದು ಮತ್ತೆ ಇಳಿಯಲಿಲ್ಲ.

ಹನುಮಂತಣ್ಣ ಕೊಟ್ಟ ಪಾಠ ಸರಳ. ವಾರಕ್ಕೆ ಎರಡು ದಿನ ಕೊಮ್ಮಘಟ್ಟದ ಕಡೆಯ ಏರಿನಲ್ಲಿ ತುಳಿಯಬೇಕು. "ಕಾಲು ತಾನಾಗೇ ನಿಂತೋಗ್ಬೇಕು. ನೀವಾಗಿ ನಿಲ್ಲಿಸ್ಬಾರ್ದು. ಕಾಲನ್ನ ತಡ್ಕೋಬೇಡಿ, ಅಷ್ಟೇ."

ಹೇಳುವುದು ಸುಲಭ. ಬೇಸಿಗೆಯ ರಜೆಯುದ್ದಕ್ಕೂ ಪ್ರಯತ್ನಪಟ್ಟೆ. ಕಾಲು ಉರಿಯತೊಡಗುತ್ತಿದ್ದಂತೆ ತಲೆಯೊಳಗೆ ಒಬ್ಬಳು ಹೆಂಗಸು ಎದ್ದು ಕೂರುತ್ತಿದ್ದಳು. ಮನೆಗೆ ವಾಪಸ್ ಹೋಗಬೇಕಲ್ಲ, ಮಧ್ಯಾಹ್ನ ಅಡುಗೆ ಮಾಡಬೇಕಲ್ಲ, ಇಲ್ಲಿ ಬಿದ್ದರೆ ಯಾರು ಎತ್ತುತ್ತಾರೆ? ಅವಳು ಕೇಳಿದ್ದೆಲ್ಲ ನ್ಯಾಯವಾಗಿಯೇ ಇರುತ್ತಿತ್ತು. ನನಗೆ ತಿಳಿಯದೆಯೇ ಗೇರು ಇಳಿದಿರುತ್ತಿತ್ತು. ಏರಿನ ತುದಿಯಲ್ಲಿ ನಿಂತು ನೀರು ಕುಡಿಯುವಾಗ ನೋಡಿದರೆ ಉಸಿರು ಆಗಲೇ ತಹಬಂದಿಗೆ ಬಂದಿರುತ್ತಿತ್ತು. ಅಳು ಬರುತ್ತಿತ್ತು. ಕೈಲಾಗದವರು ಅಳುತ್ತಾರೆ, ಸರಿ. ಕೈಲಾಗುವುದೋ ಇಲ್ಲವೋ ಗೊತ್ತಾಗದೆ ಅಳುವುದು ಯಾವ ಕರ್ಮ?

ಆಷಾಢ ಬಂತು. ಗಾಳಿ ಎದುರಿಗೆ ಬಂದರೆ ಇಳಿಜಾರಿನಲ್ಲೂ ಸೈಕಲ್ ಮುಂದೆ ಹೋಗದಂಥ ದಿನಗಳು. ಒಂದು ಬೆಳಗ್ಗೆ ಹೊರಡುವಾಗ ನನ್ನ ಗಂಡ ಮುರಳಿ, ಪೇಪರಿನಿಂದ ತಲೆ ಎತ್ತದೆ, "ಆಗಲ್ಲ ಅಂದ್ರೆ ಬಿಟ್ಬಿಡು ಕಣೇ. ನಿನಗೇನು ಮೆಡಲ್ ಕೊಡ್ತಾರಾ?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ನನಗೆ ಪಿತ್ತ ನೆತ್ತಿಗೇರಿತು. ಕೊಮ್ಮಘಟ್ಟದ ಏರಿನ ಬುಡದಿಂದ ಅವರ ಮೇಲಿನ ಸಿಟ್ಟನ್ನೆಲ್ಲ ಪೆಡಲ್ಲಿನ ಮೇಲೆ ಹಾಕಿದೆ. ತಲೆಯೊಳಗಿನ ಹೆಂಗಸು ಎದ್ದಳು, ಅವಳನ್ನೂ ಬೈದೆ. ಬಾಯಿ ಒಣಗಿತು, ಕಿವಿ ಗುಂಯ್ ಅಂತು, ರಸ್ತೆಯ ಎರಡೂ ಅಂಚು ಕಪ್ಪಾಗಿ ನಡುವೆ ಮಾತ್ರ ಸ್ವಲ್ಪ ಕಾಣುತ್ತಿತ್ತು. ಆಮೇಲೆ ಕಾಲು ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಸೈಕಲ್ ಸಮೇತ ಲಂಟಾನದ ಪೊದೆಗೆ ವಾಲಿ, ಬೆಳಗ್ಗೆ ತಿಂದ ಬಾಳೆಹಣ್ಣನ್ನೆಲ್ಲ ವಾಂತಿ ಮಾಡಿದೆ.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಮುದುಕಿ ಓಡಿ ಬಂದಳು. "ಏನವ್ವಾ, ಬಸುರಿನಾ?"

"ಇಲ್ಲಜ್ಜಿ, ಸೈಕಲ್ಲು."

"ಸೈಕಲ್ಲಿಗೆ ಯಾರಾದ್ರೂ ವಾಂತಿ ಮಾಡ್ತಾರಾ?" ಅಂತ ನನ್ನ ಬೆನ್ನು ನೀವಿದಳು. ನಾನು ನಗುತ್ತಿದ್ದೆ. ಮೊಣಕೈ ತರಚಿ ರಕ್ತ ಬರುತ್ತಿತ್ತು, ನಗು ನಿಲ್ಲಲಿಲ್ಲ. ಆ ವರ್ಷದಲ್ಲಿ ನಾನು ಪೂರ್ತಿ ಸಂತೋಷವಾಗಿದ್ದದ್ದು ಆ ಹತ್ತು ನಿಮಿಷ ಮಾತ್ರ ಇರಬೇಕು.

ಆ ಸಂತೋಷವೇ ನನ್ನನ್ನು ಹಾಳು ಮಾಡಿತು. ಹೊಸದಾಗಿ ಈಜು ಕಲಿತ ಮಕ್ಕಳು ಬಾವಿ ಬಿಟ್ಟು ಬರುವುದಿಲ್ಲವಲ್ಲ, ಹಾಗಾಯಿತು ನನ್ನ ಕತೆ. ಹನುಮಂತಣ್ಣ ವಾರಕ್ಕೆ ಎರಡು ಅಂದಿದ್ದರು, ನಾನು ದಿನವೂ ಹೋದೆ. ಮಳೆಯಲ್ಲೂ ಹೋದೆ. ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದನ್ನು ಬಿಟ್ಟೆ, ಒದ್ದೆ ರಸ್ತೆಯಲ್ಲಿ ಲಾರಿ ಪಕ್ಕ ನುಗ್ಗಿದೆ. ನಲವತ್ಮೂರು ವರ್ಷ ಉಳಿಸಿದ್ದನ್ನು ಒಂದೇ ಶ್ರಾವಣದಲ್ಲಿ ಖರ್ಚು ಮಾಡಲು ಹೊರಟವಳ ಹಾಗಿತ್ತು. ಗಣೇಶನ ಹಬ್ಬದ ಹೊತ್ತಿಗೆ ಬಲಮಂಡಿ ತೆಂಗಿನಕಾಯಿಯಂತೆ ಊದಿಕೊಂಡಿತು. ಡಾಕ್ಟರು ಸೈಕಲ್ ಮುಟ್ಟಬೇಡಿ ಅಂದರು. ಎಷ್ಟು ದಿನ ಅಂದರೆ, "ನಾನ್ ಹೇಳೋವರ್ಗೂ" ಅಂದರು.

ಆಮೇಲೆ ಮುಲಾಮು. ಬೆಳಗ್ಗೆ ಮುಲಾಮು, ಸಂಜೆ ಮುಲಾಮು. ತರಗತಿಗೆ ಹೋದರೆ ಮುಂದಿನ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ದಸರೆಯ ಗೊಂಬೆಗಳ ಎದುರು ಕಾಲು ಚಾಚಿ ಕೂತಿದ್ದೆ, ಅರಿಶಿನ ಕುಂಕುಮಕ್ಕೆ ಬಂದ ಎದುರು ಮನೆಯ ಆಂಟಿ, "ಸದ್ಯ, ಸೈಕಲ್ ಬಿಟ್ರಲ್ಲ" ಅಂತ ನೆಮ್ಮದಿಯ ಉಸಿರು ಬಿಟ್ಟರು. ಮುರಳಿ ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದರಲ್ಲಿ ಅವರು ಪಳಗಿದವರು. ಒಂದು ಸಂಜೆ ನಾನೇ ಜಗಳ ತೆಗೆದೆ.

"ಹೇಳ್ಬಿಡ್ರಿ. ಹೇಳಿರ್ಲಿಲ್ವಾ ನಾನು ಅಂತ ಅಂದ್ಬಿಡಿ."

"ನಾನೇನ್ ಹೇಳ್ಲಿ? ಮೊದ್ಲು ನೀನು ಏನ್ ಮಾಡಕ್ಕೂ ಹೆದರ್ತಿದ್ದೆ. ಈಗ ಯಾವ್ದಕ್ಕೂ ಹೆದರಲ್ಲ. ಮಧ್ಯದಲ್ಲಿ ಏನೂ ಇಲ್ವಾ ನಿಂಗೆ?"

ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ದೀಪಾವಳಿ ಕಳೆದ ಮೇಲೆ ಡಾಕ್ಟರು ನಿಧಾನವಾಗಿ ತುಳಿಯಿರಿ ಅಂದರು. ವಿಚಿತ್ರವೆಂದರೆ ಅಷ್ಟು ದಿನ ಕೂತು ಎದ್ದ ಕಾಲುಗಳಲ್ಲಿ ಎಲ್ಲಿಯದೋ ಕಸುವು ಸೇರಿಕೊಂಡಿತ್ತು. ಭಾನುವಾರದ ಗುಂಪಿನಲ್ಲಿ ಈಗ ನನ್ನ ಹಿಂದೆ ಮೂವರು ಇರುತ್ತಿದ್ದರು. "ಮೇಡಂ ಬೆಂಕಿ ಗುರು!" ಅಂತ ಪ್ರದೀಪ ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ಹನುಮಂತಣ್ಣ ಮಾತ್ರ ನನ್ನ ಮಂಡಿ ನೋಡಿ "ಹೂಂ" ಅನ್ನುತ್ತಿದ್ದರು. ನನಗೆ ಬೇರೇನೂ ಬೇಕಿರಲಿಲ್ಲ. ಟೆಂಪೋಗಿಂತ ಮೊದಲು ಒಂದು ಸಲ ಗುಡಿ ಮುಟ್ಟಿದರೆ ಸಾಕಿತ್ತು.

ಧನುರ್ಮಾಸದ ಆ ಭಾನುವಾರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೋರಿಯ ಹತ್ತಿರ ನಿಂತವರ ಮುಖ ಗುರುತು ಸಿಗುತ್ತಿರಲಿಲ್ಲ. ಹೊಲದ ಕಡೆಯಿಂದ ಅವರೆಕಾಯಿಯ ಸೊಗಡು. ಶಿವಣ್ಣ ಗೂಡಂಗಡಿಯಲ್ಲಿ ಲೋಟ ಕೈಗೆ ತೆಗೆದುಕೊಂಡು, "ಮೇಡಂ, ನಿಮಗೋಸ್ಕರ ಬಿಸಿ ಬಿಸಿ ಹಾಕ್ಸಿದೀನಿ, ಊದ್ಕೊಂಡು ಕುಡೀತೀನಿ" ಅಂದ. ಎಲ್ಲರೂ ನಕ್ಕರು. ಹನುಮಂತಣ್ಣ ಸೀಟಿ ಊದಿದರು.

ನಾನು ಪ್ರದೀಪನ ಚಕ್ರಕ್ಕೆ ಅಂಟಿಕೊಂಡು ಹೊರಟೆ. ಯಾವತ್ತೂ ಮಾಡದ ಕೆಲಸ. ಮೊದಲ ತಿರುವಿನಲ್ಲಿ ಐದಾರು ಜನರನ್ನು ದಾಟಿದ್ದೆ. ಪ್ರದೀಪ ತಿರುಗಿ ನೋಡಿ ಬೆಚ್ಚಿದ. ಎರಡನೇ ತಿರುವಿನ ಹೊತ್ತಿಗೆ ಕಾಲು ಉರಿಯುತ್ತಿತ್ತು. ಉರಿಯಲಿ ಅಂದೆ. ತಲೆಯೊಳಗಿನ ಹೆಂಗಸು ಈ ಸಲ ಬಾಯಿ ಬಿಡಲೂ ಇಲ್ಲ. ಮಂಜು ಹರಿದು ಮೇಲೆ ಗುಡಿಯ ಕೆಂಪು ಬಾವುಟ ಕಂಡಿತು. ಇಷ್ಟೇನಾ ಅನ್ನಿಸಿತು. ಅಷ್ಟು ಹತ್ತಿರ ಕಂಡದ್ದಕ್ಕೆ ಇನ್ನೂ ಜೋರಾಗಿ ತುಳಿದೆ.

ಕೊನೆಯ ತಿರುವಿನಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ಕಾಲು ನಿಂತವು. ಎರಡೂ ಒಟ್ಟಿಗೆ. ತೊಡೆಯ ನರ ಹಗ್ಗದಂತೆ ಹುರಿಗಟ್ಟಿ, ಇಳಿಯುವುದಕ್ಕೂ ಆಗದೆ ಪಕ್ಕಕ್ಕೆ ಬಿದ್ದೆ. ಎದ್ದು ತಳ್ಳಿಕೊಂಡು ಹೋಗೋಣವೆಂದರೆ ನಿಲ್ಲಲೂ ಆಗಲಿಲ್ಲ. ಬಾವುಟ ಅಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ ಹಾರಾಡುತ್ತಿತ್ತು. ನಾನು ದಾಟಿ ಬಂದಿದ್ದವರು ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. ಕೊನೆಗೆ ಬಂದವರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು. ವರ್ಷಪೂರ್ತಿ ನಾನು ತುಳಿಯುತ್ತಿದ್ದ ಅದೇ ವೇಗದಲ್ಲಿ, ಮೂಗಿನಲ್ಲೇ ಉಸಿರಾಡುತ್ತ, "ಏನಾಯ್ತಮ್ಮಾ?" ಅಂತ ಮರ್ಯಾದೆಯಿಂದ ಕೇಳಿ ಮುಂದೆ ಹೋದರು. ಆಮೇಲೆ ಟೆಂಪೋ ಬಂತು.

"ಹತ್ತಿ ಮೇಡಂ" ಅಂದ ಶಿವಣ್ಣ. ಅವನಿಗೂ ಬೇಜಾರಾಗಿತ್ತು. "ಲೋಟ ಖಾಲಿ ಆದ್ಮೇಲೂ ಸ್ವಲ್ಪ ಹೊತ್ತು ಕೂತಿದ್ದೆ."

ಮೇಲೆ ಈ ಸಲ ಯಾರೂ ಹೋ ಅನ್ನಲಿಲ್ಲ. ಚಪ್ಪಾಳೆ ತಟ್ಟಿದರು. ಅದು ಇನ್ನೂ ಕೆಟ್ಟದಾಗಿತ್ತು. ಪ್ರದೀಪ ನನ್ನ ಕಾಲು ಹಿಡಿದು ನೀವುತ್ತ "ಸೂಪರ್ ಮೇಡಂ, ಸೂಪರ್" ಅನ್ನುತ್ತಿದ್ದ. ಕಪಾಳಕ್ಕೆ ಬಾರಿಸುವ ಹಾಗಾಯಿತು. ಹನುಮಂತಣ್ಣ ಇಡ್ಲಿಯ ತಟ್ಟೆ ತಂದು ಕೈಗಿಟ್ಟು ಪಕ್ಕದ ಕಲ್ಲಿನ ಮೇಲೆ ಕೂತರು.

"ಎಲ್ಲಿ ನಿಂತೋಯ್ತು?"

"ಹೊಂಗೆ ಮರದ ಹತ್ರ."

ಅವರು ತಲೆ ಆಡಿಸಿದರು. "ಬುಡದಲ್ಲಿ ಒಂಚೂರು ತಡ್ಕೊಂಡಿದ್ರೆ ಗೆಲ್ತಿದ್ರಿ ಮೇಡಂ. ಆರಾಮಾಗಿ ಗೆಲ್ತಿದ್ರಿ. ಕಾಲಲ್ಲಿ ಅಷ್ಟಿತ್ತು."

"ಇಡೀ ವರ್ಷ ತಡ್ಕೋಬೇಡಿ, ತಡ್ಕೋಬೇಡಿ ಅಂದೋರು ಯಾರಣ್ಣ?"

"ನಾನೇ."

"ಮತ್ತೆ?"

"ತಡ್ಕೊಳ್ಳೋದು ನಿಮಗೆ ಬರ್ತಿತ್ತಲ್ಲಾ, ಅದನ್ ಯಾಕೆ ಹೇಳ್ಕೊಡ್ಬೇಕು ಅಂದ್ಕೊಂಡೆ. ಅದನ್ ಮರ್ತೇಬಿಡ್ತೀರಿ ಅಂತ ನಂಗೇನ್ ಗೊತ್ತು?"

ತಟ್ಟೆಯನ್ನು ಅವರ ಮೇಲೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಕೈಗೂ ಶಕ್ತಿ ಇರಲಿಲ್ಲ. ಹೋದ ವರ್ಷ ಸುಸ್ತಾಗದೆ ಸೋತೆ, ಈ ವರ್ಷ ಸುಸ್ತಾಗಿ ಸೋತೆ. ಕೈಲಾಗದ್ದೋ ಮಾಡದ್ದೋ ಅಂತ ವರ್ಷವಿಡೀ ಕೊರೆದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೈಲಾಗುತ್ತಿತ್ತು. ಅದಕ್ಕಿಂತ ಸಂಕಟದ ಉತ್ತರ ಇನ್ನೊಂದು ಇರಲಾರದು.

"ಮುಂದಿನ್ ವರ್ಷ ನೋಡಿ" ಅಂದೆ, ಕಣ್ಣು ಒರೆಸಿಕೊಂಡು.

"ಅದಕ್ಕೇನಂತೆ. ದಿಬ್ಬ ಎಲ್ಲಿಗೆ ಹೋಗುತ್ತೆ?" ಅಂದರು ಹನುಮಂತಣ್ಣ.

ಆ ಬೇಸಿಗೆಯಲ್ಲೇ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಜೆಸಿಬಿಗಳು ತಿಂಗಳುಗಟ್ಟಲೆ ದಿಬ್ಬವನ್ನು ಕಡಿದವು, ಲಾರಿಗಳು ಮಣ್ಣು ಹೊತ್ತವು. ಮಳೆಗಾಲ ಮುಗಿಯುವಷ್ಟರಲ್ಲಿ ಕಾರುಗಳು ಗೇರು ಬದಲಿಸದೆ ಹೋಗುವಂಥ ರಸ್ತೆ ಬಿದ್ದಿತ್ತು. ಗುಡಿಯನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲವಾಗಿ ಅದೊಂದೇ ಎತ್ತರದಲ್ಲಿ ಉಳಿಯಿತು. ಹತ್ತಿ ಹೋಗಲು ಪಕ್ಕದಲ್ಲಿ ಸಿಮೆಂಟಿನ ಮೆಟ್ಟಿಲು ಕಟ್ಟಿಸಿದರು. ಗುಂಪು ಸ್ಪರ್ಧೆಯನ್ನು ಬೇರೊಂದು ದಿಬ್ಬದಲ್ಲಿ ಇಟ್ಟುಕೊಂಡಿತು. ಅಲ್ಲಿ ನಾನು ಟೆಂಪೋಗಿಂತ ಮೊದಲೇ ಮೇಲೆ ಹೋದೆ, ಎಲ್ಲರೂ ಕೈ ಕುಲುಕಿದರು, ಮುರಳಿ ಮೈಸೂರುಪಾಕು ತಂದರು. ನನಗೆ ಏನೂ ಅನ್ನಿಸಲಿಲ್ಲ. ನಾನು ಸೋತದ್ದು ಈ ಹೊಸ ದಿಬ್ಬದಲ್ಲಲ್ಲ.

ಒಂದು ಸಂಜೆ ಯಾರಿಗೂ ಹೇಳದೆ ಹಳೆಯ ಜಾಗಕ್ಕೆ ಒಬ್ಬಳೇ ಹೋದೆ. ಮೋರಿಯಿಂದ ಗುಡಿಯ ಕೆಳಗಿನವರೆಗೆ ತುಳಿದೆ. ಉಸಿರು ಕೂಡ ಏರಲಿಲ್ಲ. ಸೈಕಲ್ ನಿಲ್ಲಿಸಿ ಹೊಂಗೆ ಮರದ ತಿರುವು ಎಲ್ಲಿತ್ತೆಂದು ಹಿಂದಕ್ಕೆ ನೋಡಿದೆ. ಮರವೂ ಇಲ್ಲ, ತಿರುವೂ ಇಲ್ಲ, ಕೆಳಗಿನವರೆಗೂ ನೆಟ್ಟಗೆ ಡಾಂಬರು. ಅಲ್ಲೇ ನಿಂತು, ರಾಜಾಜಿನಗರದ ನಲ್ಲಿಯ ಹತ್ತಿರ ಕಲಿತ ಬೈಗುಳಗಳನ್ನೆಲ್ಲ ಜೋರಾಗಿ ಬೈದೆ.

ಗುಡಿಯಲ್ಲಿ ದೀಪ ಹಚ್ಚುತ್ತಿದ್ದ ಹೆಂಗಸು ಮೇಲಿನಿಂದ ಬಗ್ಗಿ, "ಯಾರ್ನವ್ವಾ ಹಂಗೆ ಬೈತಿರೋದು?" ಅಂತ ಕೇಳಿದಳು.

ಎಷ್ಟು ಯೋಚಿಸಿದರೂ ಹೇಳಲು ಒಂದು ಹೆಸರು ಸಿಗಲಿಲ್ಲ.